ನಕ್ಷೆ ಮಡಚಿಡಿ, ಪಂಚಾಂಗ ತೆಗೆಯಿರಿ

ಜಪಾನಿಗೆ ಮೊದಲ ಸಲ ಹೊರಟವರು ನನಗೆ ತಮ್ಮ ಪಟ್ಟಿ ಕಳಿಸುತ್ತಾರೆ. ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ ಪಟ್ಟಿ. ಏಳು ದಿನದಲ್ಲಿ ಟೋಕಿಯೊಗೆ ಎರಡು, ಫ್ಯೂಜಿ ಪರ್ವತಕ್ಕೆ ಒಂದು, ಕ್ಯೋಟೊಗೆ ಒಂದೂವರೆ, ನಾರಾದ ಜಿಂಕೆಗಳಿಗೆ ಅರ್ಧ, ಒಸಾಕಾಗೆ ಒಂದು, ಹಿರೋಶಿಮಾಗೆ ಒಂದು. ಕೆಳಗೊಂದು ಸಾಲು: ‘ಹಳೆಯ ಜಪಾನ್ ನೋಡಬೇಕೆಂದು ಆಸೆ, ಇದಕ್ಕೆ ಇನ್ನೇನು ಸೇರಿಸಲಿ?’ ಸೇರಿಸುವಂಥದ್ದು ಏನೂ ಇಲ್ಲ ಮಾರಾಯರೇ, ಅಳಿಸುವುದೇ ಬೇಕಾದಷ್ಟಿದೆ.

ಈ ಪಟ್ಟಿಯ ಹಿಂದೆ ಒಂದು ಹಳೆಯ ಲೆಕ್ಕಾಚಾರವಿದೆ. ವಿದೇಶಿ ಪ್ರವಾಸಿಗರಿಗೆಂದೇ ಇರುವ ಜಪಾನ್ ರೈಲ್ ಪಾಸಿಗೆ ಏಳು ದಿನಕ್ಕೆ 29,650 ಯೆನ್ ಇದ್ದ ಕಾಲದಲ್ಲಿ ಶಿಂಕಾನ್ಸೆನ್ ಹತ್ತಿ ಎಷ್ಟು ಊರು ಸುತ್ತಿದರೆ ಅಷ್ಟು ಲಾಭ. 2023ರ ಅಕ್ಟೋಬರಿನಲ್ಲಿ ಅದು ಒಂದೇ ಏಟಿಗೆ 50,000 ಯೆನ್ ಆಯಿತು. ಟೋಕಿಯೊದಿಂದ ಕ್ಯೋಟೊಗೆ ಬಿಡಿ ಟಿಕೆಟ್ ಸುಮಾರು 14,000. ಹೋಗಿ ಬಂದರೂ 28,000. ಪಾಸಿಗೆ ಕೊಟ್ಟ ದುಡ್ಡು ಹುಟ್ಟಬೇಕಾದರೆ ವಾರವಿಡೀ ರೈಲಿನಲ್ಲೇ ಕೂತಿರಬೇಕು. ಬೆಲೆ ಏರಿಸಿದವರು ನಮಗೆ ಉಪಕಾರವನ್ನೇ ಮಾಡಿದ್ದಾರೆ. ಪಟ್ಟಿ ಕಿರಿದಾಗಲು ಈಗ ಜೇಬೂ ಒಂದು ಕಾರಣ.

ನನ್ನ ಸಲಹೆ ಇಷ್ಟೆ. ಮೊದಲು ತಾರೀಖು ಗೊತ್ತುಮಾಡಿ, ಊರು ಆಮೇಲೆ. ಬನಶಂಕರಿಯ ಗುಡಿಯನ್ನು ನೋಡಬೇಕೆಂದವರು ಬಾದಾಮಿಗೆ ಯಾವತ್ತಾದರೂ ಹೋಗಬಹುದು. ತೇರನ್ನು ನೋಡಬೇಕೆಂದರೆ ಬನದ ಹುಣ್ಣಿಮೆಗೇ ಹೋಗಬೇಕು. ಜಪಾನಿನ ಗುಡಿಗಳೂ ಹಾಗೆಯೇ. ಉಳಿದ ದಿನಗಳಲ್ಲಿ ಅವು ಟಿಕೆಟ್ಟಿನ ಕಟ್ಟಡಗಳು, ತಮ್ಮ ದಿನ ಬಂದಾಗ ಗುಡಿಗಳು. ಹಳೆಯದು ಇನ್ನೂ ನಡೆಯುತ್ತಿರುವ ಹೊತ್ತಿಗೆ ಅಲ್ಲಿರಬೇಕು. ಒಂದು ವಾರದ ಪ್ರವಾಸಕ್ಕೆ ಇದಕ್ಕಿಂತ ದೊಡ್ಡ ಗುರಿ ಬೇಡ.

ಯಾವ ತಾರೀಖು? ಎಲ್ಲರೂ ಹೇಳುವುದು ಚೆರಿ ಹೂವಿನ ಮಾರ್ಚ್ ಕೊನೆ, ಏಪ್ರಿಲ್ ಮೊದಲು. ಇಲ್ಲವೇ ಮೇಪಲ್ ಕೆಂಪಾಗುವ ನವೆಂಬರ್ ಕೊನೆ. ಎರಡೂ ಚೆಂದವೇ. ಆದರೆ ಹೂ ಒಂದೊಂದು ವರ್ಷ ಒಂದೊಂದು ದಿನ ಅರಳುತ್ತದೆ, ವಿಮಾನದ ಟಿಕೆಟ್ ತಿಂಗಳುಗಟ್ಟಲೆ ಮುಂಚೆ ಕೊಳ್ಳಬೇಕು. ಒಂದು ಮಳೆ ಬಂದರೆ ಹೂವೂ ಹೋಯಿತು, ಹೋಟೆಲಿಗೆ ತೆತ್ತ ದುಪ್ಪಟ್ಟು ದುಡ್ಡೂ ಹೋಯಿತು. ಮಳೆಗೂ ಬಿಸಿಲಿಗೂ ಜಗ್ಗದ, ಯಾವ ವರ್ಷವೂ ಕದಲದ ಎರಡು ದಿನಗಳಿವೆ: ಕ್ಯೋಟೊದಲ್ಲಿ ಫೆಬ್ರವರಿ 25, ನಾರಾದಲ್ಲಿ ಮಾರ್ಚ್ 1. ಇವೆರಡರ ಸುತ್ತ ವಾರವನ್ನು ಹೆಣೆಯಿರಿ. ಫೆಬ್ರವರಿ 23ಕ್ಕೋ 24ಕ್ಕೋ ಇಳಿದು ಮಾರ್ಚ್ 3ಕ್ಕೆ ಹೊರಡುವ ಹಾಗೆ. ಚಳಿ ಇರುತ್ತದೆ, ಬೆಳಗಿನ ಜಾವ ಎರಡು ಡಿಗ್ರಿಯ ಆಸುಪಾಸು. ಅದೇ ಚಳಿ ಗುಂಪನ್ನೂ ದೂರ ಇಟ್ಟಿರುತ್ತದೆ.

ಬೆಂಗಳೂರಿನಿಂದ ಟೋಕಿಯೊದ ನರಿತಾಗೆ ನೇರ ವಿಮಾನವಿದೆ ಎಂದು ಹಿಗ್ಗಿ ಅದನ್ನೇ ಹಿಡಿಯಬೇಡಿ. ನಮಗೆ ಬೇಕಾದ್ದು ಒಸಾಕಾ ಬಳಿಯ ಕಾನ್ಸಾಯ್ ನಿಲ್ದಾಣ. ಬ್ಯಾಂಕಾಕ್, ಸಿಂಗಪುರ ಅಥವಾ ಹಾಂಗ್‌ಕಾಂಗಿನಲ್ಲಿ ಒಮ್ಮೆ ಬದಲಿಸಿದರೆ ಅಲ್ಲೇ ಇಳಿಯಬಹುದು. ಅಲ್ಲಿಂದ ಹರೂಕಾ ರೈಲು ಸುಮಾರು ಒಂದೂಕಾಲು ಗಂಟೆಯಲ್ಲಿ ಕ್ಯೋಟೊ ಮುಟ್ಟಿಸುತ್ತದೆ. ಟೋಕಿಯೊ ಇನ್ನೊಂದು ಸಲಕ್ಕಿರಲಿ.

ಫೆಬ್ರವರಿ 25ರ ಬೆಳಿಗ್ಗೆ ಹೋಗಬೇಕಾದ್ದು ಕ್ಯೋಟೊದ ವಾಯವ್ಯದಲ್ಲಿರುವ ಕಿತಾನೊ ತೆನ್‌ಮಾಂಗು ಗುಡಿಗೆ. ಇಲ್ಲಿಯ ದೇವರು ಒಂದು ಕಾಲಕ್ಕೆ ಮನುಷ್ಯನಾಗಿದ್ದವನು. ಸುಗವಾರಾ ನೊ ಮಿಚಿಝಾನೆ, ಕವಿ, ವಿದ್ವಾಂಸ, ಮಂತ್ರಿ. ಆಸ್ಥಾನದವರ ಚಾಡಿಗೆ ಸಿಕ್ಕಿ 901ರಲ್ಲಿ ದೂರದ ಕ್ಯೂಶೂ ದ್ವೀಪಕ್ಕೆ ಗಡಿಪಾರಾದ, 903ರಲ್ಲಿ ಅಲ್ಲೇ ತೀರಿಕೊಂಡ. ಆಮೇಲೆ ಅವನ ಶತ್ರುಗಳು ಒಬ್ಬೊಬ್ಬರಾಗಿ ಸತ್ತರು, 930ರಲ್ಲಿ ಅರಮನೆಗೇ ಸಿಡಿಲು ಬಡಿಯಿತು. ಹೆದರಿದ ರಾಜಧಾನಿ 947ರಲ್ಲಿ ಅವನಿಗೊಂದು ಗುಡಿ ಕಟ್ಟಿತು. ಭಯಕ್ಕೆ ದೇವರಾದವನು ಕಾಲಾಂತರದಲ್ಲಿ ವಿದ್ಯೆಯ ದೇವರಾದ. ಫೆಬ್ರವರಿ 25 ಅವನ ಪುಣ್ಯತಿಥಿ. ರಾಷ್ಟ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಶುರುವಾಗುವುದೂ ಅದೇ ದಿನ. ಮಕ್ಕಳು ಅತ್ತ ಪರೀಕ್ಷೆ ಬರೆಯುವಾಗ ಅಪ್ಪ-ಅಮ್ಮಂದಿರು ಇತ್ತ ಕಲ್ಲಿನ ಎತ್ತಿನ ತಲೆ ಸವರುತ್ತ ನಿಂತಿರುವುದನ್ನು ನೋಡಿದರೆ ನಿಮಗೆ ದುಭಾಷಿ ಬೇಕಾಗುವುದಿಲ್ಲ.

ಮಿಚಿಝಾನೆಗೆ ಪ್ರಿಯವಾದದ್ದು ಉಮೆ, ಅಂದರೆ ಪ್ಲಮ್ ಜಾತಿಯ ಹೂ. ಗುಡಿಯ ಸುತ್ತ ಸುಮಾರು 1,500 ಉಮೆ ಮರಗಳಿವೆ, ಬಿಳಿ, ತಿಳಿಗುಲಾಬಿ, ಕಡುಗೆಂಪು. ಚೆರಿಗೆ ಇಲ್ಲದ ಪರಿಮಳ ಇದಕ್ಕಿದೆ. ಮರಗಳ ಕೆಳಗೆ ನಡೆಯುವಾಗ ಕ್ಯಾಮೆರಾ ಒಳಗಿಟ್ಟು ಮೂಗಿಗೆ ಕೆಲಸ ಕೊಡಿ. ಅಂದು ಪಕ್ಕದ ಕಾಮಿಶಿಚಿಕೆನ್ ಕೇರಿಯ ಗೇಯ್ಕೊಗಳು (ಕ್ಯೋಟೊದ ಗೇಯ್ಶಾಗಳು) ಮತ್ತು ಅವರ ಶಿಷ್ಯೆಯರಾದ ಮಾಯ್ಕೊಗಳು ಬಯಲಲ್ಲೇ ಚಹಾ ಕಲಸಿ ಕೊಡುತ್ತಾರೆ. ಇದಕ್ಕೊಂದು ಚರಿತ್ರೆಯಿದೆ. 1587ರಲ್ಲಿ ತೊಯೊತೊಮಿ ಹಿದೆಯೊಶಿ ಎಂಬ ದಂಡನಾಯಕ ಇದೇ ಬಯಲಿನಲ್ಲಿ ಮಹಾ ಚಹಾಕೂಟ ನಡೆಸಿದ. ಕೆಟಲು, ಬಟ್ಟಲು, ಚಾಪೆ ಇದ್ದರೆ ಸಾಕು, ರೈತನಾಗಲಿ ವ್ಯಾಪಾರಿಯಾಗಲಿ ಯಾರು ಬೇಕಾದರೂ ಬರಬಹುದೆಂದು ಡಂಗುರ ಹೊಡೆಸಿದ. ಹತ್ತು ದಿನವೆಂದು ಶುರುವಾದದ್ದು ಒಂದೇ ದಿನಕ್ಕೆ ಮುಗಿಯಿತು! ಈಗಿನ ಚಹಾಕ್ಕೆ ಟಿಕೆಟ್ ಸೀಮಿತ. ಸಿಗದಿದ್ದರೆ ಬೇಸರ ಬೇಡ. ಪ್ರತಿ ತಿಂಗಳ 25ಕ್ಕೂ ಗುಡಿಯ ಸುತ್ತ ಸಂತೆ ನೆರೆಯುತ್ತದೆ, ಹಳೆಯ ಕಿಮೋನೊ, ಪಿಂಗಾಣಿ, ಬಡಗಿಯ ಉಳಿ, ತುಕ್ಕು ಹಿಡಿದ ಕಬ್ಬಿಣದ ಕೆಟಲು. ಅರ್ಧ ದಿನ ಅಲ್ಲಿಯೇ ಕಳೆದುಹೋಗುತ್ತದೆ.

ಗೇಯ್ಕೊಗಳ ಬಗ್ಗೆ ಒಂದು ಮಾತು. ಅವರನ್ನು ನೋಡುವ ಮರ್ಯಾದೆಯ ಜಾಗ ಇಂಥ ಬಯಲು, ಇಲ್ಲವೇ ನೃತ್ಯದ ವೇದಿಕೆ. ಸಂಜೆ ಗಿಯೊನ್ ಗಲ್ಲಿಗಳಲ್ಲಿ ಕಾದು ನಿಂತು, ಕೆಲಸಕ್ಕೆ ಹೊರಟ ಹುಡುಗಿಯ ಮುಖಕ್ಕೆ ಫೋನು ಹಿಡಿಯುವುದು ಪ್ರವಾಸವಲ್ಲ. 2024ರಿಂದ ಅಲ್ಲಿನ ಖಾಸಗಿ ಗಲ್ಲಿಗಳಿಗೆ ಪ್ರವಾಸಿಗರ ಪ್ರವೇಶವೇ ನಿಷಿದ್ಧ, ನುಗ್ಗಿದರೆ 10,000 ಯೆನ್ ದಂಡ. ಆ ಫಲಕ ಅಲ್ಲಿಗೆ ಬಂದದ್ದು ನಮ್ಮಂಥವರಿಂದಲೇ.

ಕಿತಾನೊದಿಂದ ಪೂರ್ವಕ್ಕೆ ನಡೆದರೆ ನಿಶಿಜಿನ್, ರೇಷ್ಮೆ ನೇಕಾರರ ಕೇರಿ. ಮೈಸೂರು ರೇಷ್ಮೆಯ ಸೀರೆ ಬೀರುವಿನಲ್ಲಿಟ್ಟುಕೊಂಡ ಮನೆಯವರು ಇದನ್ನು ಬಿಟ್ಟು ಬರಬಾರದು. ಚಕ್ರವರ್ತಿಯ ಆಸ್ಥಾನ ಟೋಕಿಯೊಗೆ ಹೋದ ಮೇಲೆ ಗಿರಾಕಿಗಳಿಲ್ಲದೆ ಒಣಗುತ್ತಿದ್ದ ಈ ಕೇರಿ 1872ರಲ್ಲಿ ತನ್ನ ಮೂವರನ್ನು ಫ್ರಾನ್ಸಿನ ಲಿಯೋನ್ ನಗರಕ್ಕೆ ಕಳಿಸಿ ಜಕಾರ್ಡ್ ಮಗ್ಗ ತರಿಸಿಕೊಂಡಿತು. ಒಬ್ಬರು ಹಿಂದಿರುಗುವಾಗ ಹಡಗು ಮುಳುಗಿ ತೀರಿಕೊಂಡರು. ಆ ಮಗ್ಗದಲ್ಲಿ ಇಂದಿಗೂ ಕಿಮೋನೊದ ನಡುಪಟ್ಟಿ ಓಬಿ ನೇಯುತ್ತಾರೆ. ಚಿನ್ನದ ಕೆಲಸ ನೋಡಿ: ನಮ್ಮ ಜರಿ ಎಂದರೆ ರೇಷ್ಮೆ ನೂಲಿಗೆ ಸುತ್ತಿದ ಲೋಹದ ತಂತಿ. ಅವರದ್ದು ಕೈಕಾಗದದ ಮೇಲೆ ಅರಗಿನಿಂದ ಚಿನ್ನದ ರೇಕು ಅಂಟಿಸಿ, ಅದನ್ನು ಕೂದಲೆಳೆಯಂತೆ ಕತ್ತರಿಸಿ, ಒಂದೊಂದೇ ಎಳೆಯನ್ನು ಕೊಕ್ಕೆಯಿಂದ ಎಳೆದು ಹೊಕ್ಕಾಗಿ ಕೂರಿಸುವುದು. ಎಳೆ ತಿರುಚಿಕೊಂಡರೆ ಕಾಗದದ ಬೆನ್ನು ಮೇಲೆ ಬರುತ್ತದೆ, ಹಾಗಾಗಿ ಅವಸರಕ್ಕೆ ಜಾಗವಿಲ್ಲ. ಒರಿನಾಸುಕಾನ್ ಎಂಬ ಸಂಗ್ರಹಾಲಯ ಹಳೆಯ ಓಬಿ ವ್ಯಾಪಾರಿಯ ಮನೆಯಲ್ಲೇ ಇದೆ. ಕಾಲಿಡಲು ಜಾಗವಿಲ್ಲದ ದೊಡ್ಡ ಅಂಗಡಿಗಳಿಗಿಂತ ಮೇಲು.

ಚಹಾದ ವಿಚಾರಕ್ಕೆ ಬರೋಣ, ಏಕೆಂದರೆ ಎಲ್ಲರ ಪಟ್ಟಿಯಲ್ಲೂ ‘ಟೀ ಸೆರೆಮನಿ’ ಇದ್ದೇ ಇರುತ್ತದೆ, ಬಾಡಿಗೆಯ ಕಿಮೋನೊ ಸಮೇತ. ನಾನು ಬೇಡ ಎನ್ನುತ್ತೇನೆ. ಊಟ, ಎರಡು ಬಗೆಯ ಚಹಾ, ನಡುವೆ ಬೂದಿಯಲ್ಲಿ ಇದ್ದಿಲು ಜೋಡಿಸುವ ಕ್ರಮ, ಎಲ್ಲ ಸೇರಿದ ನಿಜವಾದ ಚಹಾಕೂಟಕ್ಕೆ ನಾಲ್ಕು ಗಂಟೆ ಹಿಡಿಯುತ್ತದೆ. ಮುಕ್ಕಾಲು ಗಂಟೆಯಲ್ಲಿ ಅದರ ಸಾರ ಹಿಂಡಿಕೊಡುತ್ತೇವೆ ಎನ್ನುವವರು ಮಾರುವುದು ಫೋಟೊವನ್ನು. ಅದರ ಬದಲು ಮೊದಲ ದಿನವೇ ದೈತೊಕುಜಿಗೆ ಹೋಗಿ. ಚಹಾದ ಮಹಾಗುರು ಸೆನ್ ನೊ ರಿಕ್ಯೂನ ಏಳುಬೀಳು ಎರಡೂ ಈ ಝೆನ್ ಮಠದ ಜೊತೆ ಸೇರಿಕೊಂಡಿವೆ. ಮಠದ ಮಹಾದ್ವಾರದ ಮೇಲಂತಸ್ತಿಗೆ ಅವನು ಹಣ ಕೊಟ್ಟ. ಕೃತಜ್ಞತೆಗೆ ಮಠದವರು ಅವನದೇ ಮರದ ಪ್ರತಿಮೆ ಮಾಡಿಸಿ ಮೇಲಿಟ್ಟರು. ಅಂದರೆ ದ್ವಾರದೊಳಗೆ ಹೋಗುವ ಹಿದೆಯೊಶಿ ರಿಕ್ಯೂನ ಚಪ್ಪಲಿಯ ಕೆಳಗೆ ಹಾದುಹೋಗಬೇಕು. 1591ರಲ್ಲಿ ರಿಕ್ಯೂಗೆ ಆತ್ಮಹತ್ಯೆಯ ಆಜ್ಞೆಯಾಯಿತು. ಪ್ರತಿಮೆ ಬರೀ ನೆಪ, ನಿಜ ಕಾರಣ ಬೇರೆ ಎನ್ನುವವರೂ ಇದ್ದಾರೆ. ದ್ವಾರ ಇಂದಿಗೂ ನಿಂತಿದೆ, ಹೊರಗಿನಿಂದಷ್ಟೇ ನೋಡಬಹುದು.

ಈ ಆವರಣದೊಳಗೆ ಹತ್ತಾರು ಚಿಕ್ಕ ಮಠಗಳಿವೆ. ಕೆಲವು ಮಾತ್ರ ತೆರೆದಿರುತ್ತವೆ. ಎರಡನ್ನು ಆರಿಸಿ, ಕಲ್ಲು-ಮರಳಿನ ಅಂಗಳದ ಮುಂದೆ ಜಗಲಿಯಲ್ಲಿ ಕೂತುಬಿಡಿ. ರ್ಯೋಆಂಜಿಯ ಹದಿನೈದು ಕಲ್ಲುಗಳ ಪ್ರಸಿದ್ಧ ಅಂಗಳದಲ್ಲಿ ಕಲ್ಲಿಗಿಂತ ಬೆನ್ನುಗಳೇ ಜಾಸ್ತಿ ಕಾಣುತ್ತವೆ. ಇಲ್ಲಿ ಕೆಲವೊಮ್ಮೆ ನೀವು ಮತ್ತು ಮರಳು, ಅಷ್ಟೆ. ಉದ್ಯಾನ ನೋಡುತ್ತ ಮಾಚಾ ಕುಡಿಯುವ ಅವಕಾಶ ಕ್ಯೋಟೊದ ಎಷ್ಟೋ ಮಠಗಳಲ್ಲಿದೆ. ಮೊದಲು ಸಿಹಿ ತಿನ್ನಿ, ಆಮೇಲೆ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಅದರ ಮುಖ ನಿಮ್ಮ ತುಟಿಗೆ ತಾಗದಂತೆ ತುಸು ತಿರುಗಿಸಿ ಕುಡಿಯಿರಿ. ಕಡುಚಳಿಯಲ್ಲಿ ಬಿಸಿ ಆರದಿರಲೆಂದು ಉದ್ದನೆಯ ಆಳದ ಬಟ್ಟಲಲ್ಲಿ ಚಹಾ ಕೊಡುವ ರೂಢಿಯಿದೆ. ಅಂಥದ್ದು ಕೈಗೆ ಬಂದರೆ ಫೆಬ್ರವರಿಯಲ್ಲಿ ಬಂದದ್ದಕ್ಕೆ ಅದೊಂದು ಇನಾಮು.

ಶಾಕಾಹಾರಿಗಳಿಗೆ ಜಪಾನ್ ಸುಲಭದ ದೇಶವಲ್ಲ, ಇದನ್ನು ಮುಚ್ಚಿಡುವುದು ತಪ್ಪು. ತರಕಾರಿ ಎಂದು ಬರೆದ ತಟ್ಟೆಯಲ್ಲೂ ಒಣಮೀನಿನ ದಾಶಿ ಸಾರು ಇರುತ್ತದೆ. ಸೋಬಾ, ತೋಫು, ಬೇಯಿಸಿದ ಮೂಲಂಗಿ ಎಲ್ಲಕ್ಕೂ ಅದೇ ಬುನಾದಿ. ‘ಮಾಂಸ, ಮೀನು, ಮೀನಿನ ದಾಶಿ ಬೇಡ’ ಎಂದು ಜಪಾನಿಯಲ್ಲಿ ಬರೆಸಿದ ಚೀಟಿ ಜೇಬಲ್ಲಿರಲಿ. ಹಸಿವನ್ನು ಹಬ್ಬವಾಗಿಸುವ ಒಂದೇ ದಾರಿ ಬೌದ್ಧಮಠದ ಅಡುಗೆ, ಶೋಜಿನ್ ರ್ಯೋರಿ. ಮೀನಿನ ಬದಲು ಕೊಂಬು ಎಂಬ ಕಡಲಪಾಚಿ ಮತ್ತು ಒಣ ಅಣಬೆಯ ಸಾರು. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ, ಮಡಿಯ ಅತ್ತೆಯವರನ್ನೂ ಧೈರ್ಯವಾಗಿ ಕರೆದೊಯ್ಯಬಹುದು. ದೈತೊಕುಜಿಯ ಒಳಗೇ ಇರುವ ಇಝುಸೆನ್‌ನಲ್ಲಿ ಮಧ್ಯಾಹ್ನದ ಊಟ ಕೆಂಪು ಅರಗಿನ ಬಟ್ಟಲುಗಳಲ್ಲಿ ಬರುತ್ತದೆ. ಸೋಯಾ ಹಾಲಿನ ಕೆನೆ ಯುಬಾ, ಗೋಧಿಯ ಫು, ಎಳ್ಳಿನ ತೋಫು. ಖಾಲಿಯಾದ ಬಟ್ಟಲುಗಳು ಒಂದರೊಳಗೊಂದು ಕೂತು ಒಂದೇ ಆಗುತ್ತವೆ. ತಲೆಗೆ ಮೂವತ್ತು-ನಲವತ್ತು ಸಾವಿರ ಯೆನ್ ತೆತ್ತು ಸಾಂಪ್ರದಾಯಿಕ ವಸತಿಗೃಹವಾದ ರ್ಯೋಕಾನ್‌ನಲ್ಲಿ ಉಳಿದು, ಹದಿನಾಲ್ಕು ಬಗೆಯ ಮೀನಡುಗೆಯ ಊಟದಲ್ಲಿ ಅನ್ನ ಉಪ್ಪಿನಕಾಯಿ ಮಾತ್ರ ತಿಂದೇಳುವುದಕ್ಕಿಂತ ಇದು ವಾಸಿ.

ಮುಂಚೆಯೇ ಅರ್ಜಿ ಹಾಕಬೇಕಾದ್ದು ಒಂದಿದೆ: ಕತ್ಸುರಾ ಅರಮನೆ. ಹದಿನೇಳನೆಯ ಶತಮಾನದ ಈ ರಾಜಗೃಹವನ್ನು ಚಕ್ರವರ್ತಿಯ ಗೃಹ ಇಲಾಖೆ ನೋಡಿಕೊಳ್ಳುತ್ತದೆ. ಆನ್‌ಲೈನ್ ಅರ್ಜಿ, 1,000 ಯೆನ್, ಒಂದು ಗಂಟೆಯ ಸುತ್ತು, ಗುಂಪಿನ ಹಿಂದೆ ಕಾವಲುಗಾರ. ದಾರಿಯ ಕಲ್ಲುಗಳು ಬೇಕೆಂದೇ ಏರುಪೇರು. ಹೆಜ್ಜೆ ನೋಡಿಕೊಂಡು ತಲೆತಗ್ಗಿಸಿ ನಡೆಯುತ್ತೀರಿ, ಕಲ್ಲು ಸಮವಾದ ಕಡೆ ತಲೆ ಎತ್ತುತ್ತೀರಿ; ಆ ನೋಟ ಅಲ್ಲಿ ನಿಮಗಾಗಿ ನಾಲ್ಕು ಶತಮಾನದಿಂದ ಕಾದಿರುತ್ತದೆ. ಕೊಳದಾಚೆಯ ಚಹಾಮನೆಯ ಗೋಡೆಗೆ ನೀಲಿ-ಬಿಳಿ ಚೌಕುಳಿ ಕಾಗದ ಅಂಟಿಸಿದ್ದಾರೆ, ನಿನ್ನೆ ಯಾರೋ ಹೊಸ ಹುಡುಗ ಮಾಡಿದ ವಿನ್ಯಾಸವೆಂದು ಅನ್ನಿಸುವಷ್ಟು ದಿಟ್ಟ. ಚಿನ್ನದ ಮಂಟಪದ ಕಿಂಕಾಕುಜಿ ಬೇಡವೇ ಎಂದು ಕೇಳುತ್ತೀರಿ. ಬೇಡ. 1950ರಲ್ಲಿ ಸುಟ್ಟು 1955ರಲ್ಲಿ ಮತ್ತೆ ಕಟ್ಟಿದ್ದು ಎಂಬುದಕ್ಕಲ್ಲ, ಜಪಾನಿನಲ್ಲಿ ಸುಡದ ಕಟ್ಟಡ ಕಡಿಮೆಯೇ. ಆ ಸಾಲಿನಲ್ಲಿ ನಿಂತು ಮುಂದಕ್ಕೆ ತಳ್ಳಿಸಿಕೊಳ್ಳುವ ಇಪ್ಪತ್ತು ನಿಮಿಷದಲ್ಲಿ ಚಿನ್ನದ ಬಣ್ಣ ಬಿಟ್ಟು ಏನೂ ದಕ್ಕುವುದಿಲ್ಲ. ಫುಶಿಮಿ ಇನಾರಿಯ ಕೆಂಪು ತೋರಣಗಳಿಗೆ ಬಾಗಿಲಿಲ್ಲ, ರಾತ್ರಿ ಹೋಗಿ.

ಫೆಬ್ರವರಿಯ ಕೊನೆಯ ದಿನ ಕ್ಯೋಟೊ ಬಿಡಿ. ದೊಡ್ಡ ಚೀಲಗಳನ್ನು ಹಿಂದಿನ ದಿನವೇ ತಕ್ಯುಬಿನ್ ಸೇವೆಗೆ ಒಪ್ಪಿಸಿದರೆ ನಾರಾದ ಹೋಟೆಲಿನಲ್ಲಿ ಅವೇ ನಿಮ್ಮನ್ನು ಎದುರುಗೊಳ್ಳುತ್ತವೆ. ದಾರಿಯಲ್ಲೇ ಊಜಿ. ಬುದ್ಧಧರ್ಮದ ಅವನತಿಯ ಯುಗ 1052ರಲ್ಲಿ ಶುರುವೆಂದು ಜಪಾನಿನಲ್ಲಿ ನಂಬಿದ್ದರು. ಮರುವರ್ಷವೇ ಇಲ್ಲಿ ಅಮಿದಾ ಬುದ್ಧನ ಸ್ವರ್ಗವನ್ನು ಕೊಳದ ನಡುವೆ ಮರದಲ್ಲಿ ಕಟ್ಟಿ ನಿಲ್ಲಿಸಿದರು. ಆ ಬ್ಯೋದೊಇನ್ ನಿಮ್ಮ ಜೇಬಿನ ಹತ್ತು ಯೆನ್ ನಾಣ್ಯದ ಮೇಲಿದೆ. ಒಳಗೆ ಐವತ್ತು ಐವತ್ತು ಜನರನ್ನಷ್ಟೇ ಬಿಡುವುದರಿಂದ ಹೋದ ಕೂಡಲೇ ಒಳಹೋಗುವ ಚೀಟಿ ಪಡೆಯಿರಿ. ಗೋಡೆಯ ಮೇಲೆ ಮೋಡವೇರಿದ 52 ಪುಟ್ಟ ಬೋಧಿಸತ್ವರಿದ್ದಾರೆ, ಎಷ್ಟೋ ಜನ ವಾದ್ಯ ನುಡಿಸುತ್ತ. ಪಕ್ಕದ ನದಿದಂಡೆಯಲ್ಲಿ ನಗರಸಭೆಯೇ ನಡೆಸುವ ತೈಹೋಆನ್ ಎಂಬ ಚಹಾಮನೆ. ಊಜಿಯ ಚಹಾ, ತತಾಮಿ ಚಾಪೆ, ಕಿಮೋನೊದ ಹಂಗಿಲ್ಲ.

ಇನ್ನು ನಾರಾ. ಅರ್ಧ ದಿನದ ನಾರಾ ಅಂದರೆ ಜಿಂಕೆಗೆ ಬಿಸ್ಕತ್ತು ಹಾಕಿ ಬರುವುದು. ಇಲ್ಲಿ ಕಡೇಪಕ್ಷ ಮೂರು ರಾತ್ರಿ ಇರಿ. ತೋದೈಜಿಯ ಮಹಾಬುದ್ಧನಿಗೆ ಕಣ್ಣು ತೆರೆಸಿದ್ದು 752ರಲ್ಲಿ. ಕುಂಚ ಹಿಡಿದವನು ದಕ್ಷಿಣ ಭಾರತದಿಂದ 736ರಲ್ಲಿ ಅಲ್ಲಿಗೆ ತಲುಪಿದ್ದ ಭಿಕ್ಷು ಬೋಧಿಸೇನ. ಕುಂಚಕ್ಕೆ ಕಟ್ಟಿದ ಉದ್ದನೆಯ ನೀಲಿ ಹುರಿಯನ್ನು ನೆರೆದವರೆಲ್ಲ ಹಿಡಿದುಕೊಂಡಿದ್ದರಂತೆ, ಪುಣ್ಯದಲ್ಲಿ ಪಾಲಿರಲೆಂದು. ಆ ಕುಂಚವೂ ಹುರಿಯೂ ಇಂದಿಗೂ ಶೋಸೋಇನ್ ಭಂಡಾರದಲ್ಲಿವೆ. ಆದರೆ ನಾವು ಬಂದಿರುವುದು ಮಹಾಬುದ್ಧನಿಗಲ್ಲ, ಹಿಂದಿನ ದಿಬ್ಬದ ಮೇಲಿರುವ ನಿಗತ್ಸುದೋಗೆ.

ಅದೇ 752ರಲ್ಲಿ ಅಲ್ಲಿ ಒಂದು ವ್ರತ ಆರಂಭವಾಯಿತು. ಲೋಕದವರ ಪಾಪಗಳಿಗಾಗಿ ಹನ್ನೊಂದು ಭಿಕ್ಷುಗಳು ಏಕಾದಶಮುಖ ಅವಲೋಕಿತೇಶ್ವರನ ಮುಂದೆ ಕ್ಷಮೆ ಕೇಳುವುದು. ಮಾರ್ಚ್ 1ರಿಂದ 14ರವರೆಗೆ, ಪ್ರತಿ ರಾತ್ರಿ. ಒಂದು ವರ್ಷವೂ ತಪ್ಪಿಲ್ಲ. 1180ರಲ್ಲಿ ಯುದ್ಧದ ಬೆಂಕಿಗೆ ತೋದೈಜಿ ಬೂದಿಯಾಯಿತು, ವ್ರತ ನಿಲ್ಲಲಿಲ್ಲ. 1667ರಲ್ಲಿ ಈ ವ್ರತದ ನಡುವೆಯೇ ನಿಗತ್ಸುದೋ ಸುಟ್ಟಿತು, ಆಗಲೂ ನಿಲ್ಲಲಿಲ್ಲ. ದೇವರ ಮೂರ್ತಿಯನ್ನು ಯಾರೂ ನೋಡುವಂತಿಲ್ಲ, ಭಿಕ್ಷುಗಳೂ.

ಸಂಜೆ ಏಳಕ್ಕೆ ದೀಪಗಳೆಲ್ಲ ಆರುತ್ತವೆ. ಆರೇಳು ಮೀಟರಿನ ಬಿದಿರಿನ ತುದಿಯ ಪಂಜು ಹೊತ್ತ ಸೇವಕ ಮೆಟ್ಟಿಲೇರುತ್ತಾನೆ, ಅವನ ಬೆಳಕಿನಲ್ಲಿ ಭಿಕ್ಷು. ಭಿಕ್ಷು ಒಳಗೆ ಹೋದ ಮೇಲೆ ಸೇವಕ ಆ ಪಂಜನ್ನು ಮರದ ಮೊಗಸಾಲೆಯ ಕಟಕಟೆಯಾಚೆ ಚಾಚಿ ಝಾಡಿಸುತ್ತ ಈ ತುದಿಯಿಂದ ಆ ತುದಿಗೆ ಓಡುತ್ತಾನೆ. ಕಿಡಿಗಳು ಕೆಳಗೆ ನಿಂತವರ ಮೇಲೆ ಸುರಿಯುತ್ತವೆ. ಮೈಮೇಲೆ ಬಿದ್ದರೆ ವರ್ಷವಿಡೀ ಆರೋಗ್ಯ ಎಂಬ ನಂಬಿಕೆ. ಹೀಗೆ ಹತ್ತು ಪಂಜು. ಇಪ್ಪತ್ತು ನಿಮಿಷದಲ್ಲಿ ಮುಗಿದು ಜನ ಊಟಕ್ಕೆ ಓಡುತ್ತಾರೆ.

ನೀವು ಓಡಬೇಡಿ. ಪಂಜು ಬರೀ ದಾರಿದೀಪ, ವ್ರತ ಶುರುವಾಗುವುದೇ ಆಮೇಲೆ. ಮೆಟ್ಟಿಲೇರಿ ಹೋದರೆ ಮರದ ಜಾಲರಿಯ ಹೊರಗಿನ ಕತ್ತಲೆಯ ಕೋಣೆಗಳಲ್ಲಿ ಹೆಂಗಸರೂ ಗಂಡಸರೂ ಕೂತು ಕೇಳಬಹುದು. ಒಳಗೆ ಮರದ ಪಾದುಕೆಗಳು ನೆಲ ಕುಟ್ಟುವ ಸದ್ದು, ಗಂಟೆ, ಶಂಖ. ದೇವರ ಹೆಸರಿನ ಘೋಷ ನಿಧಾನವಾಗಿ ಶುರುವಾಗಿ, ವೇಗ ಏರಿದಂತೆ ಮೊಟಕಾಗುತ್ತ, ಕೊನೆಗೆ ‘ನಮು ಕಾನ್, ನಮು ಕಾನ್’ ಎಂದಷ್ಟೇ ಉಳಿಯುತ್ತದೆ. ಆ ‘ನಮು’ ನಮ್ಮ ‘ನಮೋ’ ಎಂದು ಯಾರೂ ಹೇಳಿಕೊಡಬೇಕಿಲ್ಲ. ಐದನೆಯ ಮತ್ತು ಹನ್ನೆರಡನೆಯ ರಾತ್ರಿ ಗುಡಿಗೆ ನೆರವಾದ ಗತಿಸಿದವರ ಹೆಸರುಗಳನ್ನು ಓದುತ್ತಾರೆ. ಕಾಮಾಕುರ ಕಾಲದಲ್ಲೊಮ್ಮೆ ಹೀಗೆ ಓದುವಾಗ ನೀಲಿ ಉಡುಪಿನ ಹೆಂಗಸೊಬ್ಬಳು ಎದುರು ಬಂದು ‘ನನ್ನ ಹೆಸರು ಯಾಕೆ ಬಿಟ್ಟೆ?’ ಎಂದಳಂತೆ. ಯಾರೆಂದು ತಿಳಿಯದೆ ಭಿಕ್ಷು ತಗ್ಗಿದ ದನಿಯಲ್ಲಿ ‘ನೀಲಿ ಉಡುಪಿನ ಹೆಂಗಸು’ ಎಂದೋದಿದ, ಅವಳು ಮಾಯವಾದಳು. ಈಗಲೂ ಆ ಜಾಗ ಬಂದಾಗ ದನಿ ತಗ್ಗುತ್ತದೆ. ಈ ಒಂದು ಸಾಲು ಕೇಳಲಿಕ್ಕೆಂದೇ ಪ್ರವಾಸವನ್ನು ಐದರವರೆಗೆ ಚಾಚಿದರೆ ನಾನು ತಡೆಯುವುದಿಲ್ಲ. 12ರ ರಾತ್ರಿ ಪಂಜು ದೊಡ್ಡದು, ಜನಜಂಗುಳಿ ಇನ್ನೂ ದೊಡ್ಡದು, ಅತ್ತ ಹೋಗಬೇಡಿ.

ಮಾರ್ಚ್ 2ಕ್ಕೆ ಹೋರ್ಯೂಜಿ, ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ಮರದ ಕಟ್ಟಡಗಳು. ಅಜಂತಾದ ಚಿತ್ರಗಳ ಜೊತೆ ಹೋಲಿಸುತ್ತಿದ್ದ ಅಲ್ಲಿಯ ಭಿತ್ತಿಚಿತ್ರಗಳು 1949ರ ಜನವರಿಯಲ್ಲಿ ಬೆಂಕಿಗೆ ಸಿಕ್ಕಿ ಹಾಳಾದವು. ಮರುವರ್ಷವೇ ಜಪಾನ್ ತನ್ನ ಪರಂಪರೆಯ ರಕ್ಷಣೆಗೆ ಹೊಸ ಕಾನೂನು ತಂದಿತು. ಸಂಜೆಗೆ ಮತ್ತೆ ನಿಗತ್ಸುದೋ, ಈ ಸಲ ಪಂಜಿನ ಹೊತ್ತು ದಾಟಿಸಿ. ನಾರಾದಿಂದ ಕಾನ್ಸಾಯ್ ನಿಲ್ದಾಣಕ್ಕೆ ನೇರ ಬಸ್ಸಿದೆ, ಸುಮಾರು ಒಂದೂವರೆ ಗಂಟೆ.

ಕೋಯಾಸಾನ್ ಬಿಟ್ಟಿರಲ್ಲ ಎಂದು ಬಲ್ಲವರು ಬೈಯುತ್ತಾರೆ. ಭಿಕ್ಷು ಕೂಕಾಯ್ 816ರಲ್ಲಿ ನೆಲೆಮಾಡಿದ ಆ ಬೆಟ್ಟದಲ್ಲಿ ಇಂದಿಗೂ ಹೋಮ ನಡೆಯುತ್ತದೆ, ಸಮಾಧಿಕಲ್ಲುಗಳ ಮೇಲೆ ಭಾರತದಿಂದ ಹೋದ ಸಿದ್ಧಂ ಅಕ್ಷರಗಳಿವೆ, ಮಠಗಳಲ್ಲೇ ಉಳಿದು ಅಲ್ಲಿನ ಊಟ ಮಾಡಬಹುದು. ಫೆಬ್ರವರಿಯಲ್ಲಿ ಹಿಮವೂ ಇರುತ್ತದೆ. ಹೋಗಿಬರಲು ಎರಡು ದಿನ ಬೇಕು. ಆ ಎರಡು ದಿನ ನಾರಾದ್ದು.

ಸಿದ್ಧತೆ ಹೆಚ್ಚೇನಿಲ್ಲ. ನಾರಾದ ಹೋಟೆಲ್ ಮೊದಲು, ಕತ್ಸುರಾದ ಅರ್ಜಿ ಆಮೇಲೆ, ಕ್ಯೋಟೊದ ಹೋಟೆಲ್ ಕೊನೆಗೆ. ದಿನಕ್ಕೆ ಹತ್ತು ಸಲ ಬಿಚ್ಚಿ ಹಾಕಬೇಕಾದ್ದರಿಂದ ಲೇಸು ಕಟ್ಟುವ ಬೂಟು ಬೇಡ. ಮಠಗಳ ಮರದ ನೆಲ ಫೆಬ್ರವರಿಯಲ್ಲಿ ಐಸಿನಂತಿರುತ್ತದೆ, ಉಣ್ಣೆಯ ಕಾಲುಚೀಲ ಜೋಡಿ ಜೋಡಿ ಇರಲಿ, ಹೆಬ್ಬೆರಳ ಬಳಿ ತೂತಿಲ್ಲದಂಥವು. ನಿಗತ್ಸುದೋದ ಕೆಳಗೆ ನಿಲ್ಲುವಾಗ ಮಾತ್ರ ನೈಲಾನ್ ಜಾಕೆಟ್ ಬೇಡ. ಕಿಡಿ ಬಿದ್ದರೆ ತೂತು ಖಂಡಿತ.